ಗಂಜಿಯ ಋಣ, ತೀರ್ಪಿನ ಹೊಣೆ

ಪ್ರಶ್ನೆ: ನಾನು ಮಂಗಳೂರಿನವಳು, ಟೆಲ್ ಅವೀವ್‌ನಲ್ಲಿ ಯಹೂದಿ ಅಜ್ಜಿಯೊಬ್ಬರ ಆರೈಕೆ ಮಾಡುತ್ತಿದ್ದೇನೆ. ವಾರದ ರಜೆಗೆಂದು ಗೆಳತಿಯರೆಲ್ಲ ಸೇರಿ ಹಿಡಿದ ಬಾಡಿಗೆ ಮನೆಯ ಮುಂಗಡ ಹಣದ ವಿಚಾರದಲ್ಲಿ ಇಬ್ಬರಿಗೆ ಜಗಳವಾಗಿ, ನನ್ನನ್ನೇ ತೀರ್ಮಾನ ಕೇಳುತ್ತಿದ್ದಾರೆ. ಒಬ್ಬಳು ನಾನು ಜ್ವರದಲ್ಲಿ ಮಲಗಿದ್ದಾಗ ಗಂಜಿ ಕಾಯಿಸಿ ಕೊಟ್ಟವಳು. ಇನ್ನೊಬ್ಬಳಿಗೆ ಏಜೆಂಟನಿಗಾಗಿ ಮಾಡಿದ ಸಾಲ ಇನ್ನೂ ತೀರಿಲ್ಲ. ಅಜ್ಜಿಯನ್ನು ಕೇಳಿದರೆ, "ಬಡವಳೆಂದು ಪಕ್ಷ ವಹಿಸಬಾರದು ಎಂದು ನಮ್ಮ ಧರ್ಮಗ್ರಂಥ ತೋರಾ ಹೇಳುತ್ತದೆ" ಎಂದರು. ಇದೆಂಥ ನ್ಯಾಯ?

ಉತ್ತರ: ಸಹೋದರಿ, ಅಜ್ಜಿ ಹೇಳಿದ್ದು ತೋರಾದ ಯಾಜಕಕಾಂಡ ಎಂಬ ಭಾಗದ 19ನೇ ಅಧ್ಯಾಯದ 15ನೇ ವಚನದ ಅರ್ಧ ಭಾಗ, ದೊಡ್ಡವರ ಮುಖ ನೋಡಿಯೂ ತೀರ್ಪು ಕೊಡಬಾರದೆಂಬ ಮಾತು ಅದರ ಜೊತೆಗೇ ಇದೆ. ಸಿರಿವಂತನು ಹೇಗೂ ಬಡವನಿಗೆ ನೆರವಾಗಬೇಕಾದವನು, ಆದ್ದರಿಂದ ಬಡವನನ್ನೇ ಗೆಲ್ಲಿಸಿದರೆ ಅವನು ಮಾನದಿಂದ ಬದುಕುತ್ತಾನೆ ಎಂದು ತೀರ್ಪುಗಾರನು ಎಣಿಸಬಾರದೆಂದು 11ನೇ ಶತಮಾನದ ರಾಶಿ ಎಂಬ ಯಹೂದಿ ವ್ಯಾಖ್ಯಾನಕಾರರು ಇದನ್ನು ಬಿಡಿಸಿ ಹೇಳಿದ್ದಾರೆ. ಇದು ಕಲ್ಲುಮನಸ್ಸಿನ ಮಾತೆಂದು ನನಗೆ ತೋರುವುದಿಲ್ಲ. ಏಕೆಂದರೆ ಹೊಲ ಕೊಯ್ಯುವಾಗ ಅಂಚಿನ ಪೈರನ್ನು ಬಡವರಿಗೆ ಬಿಡಬೇಕೆಂದು ಹೇಳಿರುವುದೂ ಅದೇ ಅಧ್ಯಾಯವೇ. ಅಂಚು ಬಿಡಬೇಕಾದದ್ದು ನಮ್ಮ ಹೊಲದಲ್ಲಿ, ಪಕ್ಕದವರ ಹೊಲದಲ್ಲಿ ಅಲ್ಲ. ಸಾಲದ ಗೆಳತಿಗೆ ನೆರವಾಗಬೇಕೆನಿಸಿದರೆ ನಿಮ್ಮ ಸಂಬಳದಿಂದ ಕೊಡಿ.

ಆದರೆ ನನ್ನನ್ನು ಹೆಚ್ಚು ಕಾಡುತ್ತಿರುವುದು ಆ ಗಂಜಿ. 3ನೇ ಶತಮಾನದಲ್ಲಿ ಇಂದಿನ ಇರಾಕ್ ಭಾಗದ ಬಾಬಿಲೋನಿಯಾದಲ್ಲಿದ್ದ ಯಹೂದಿ ಪಂಡಿತ ಶಮುವೇಲರು ದೋಣಿಯಲ್ಲಿ ಹೊಳೆ ದಾಟುತ್ತಿದ್ದಾಗ ಒಬ್ಬಾತ ಕೈಹಿಡಿದು ಆಸರೆ ಕೊಟ್ಟನಂತೆ. ಬಂದ ಕಾರಣ ಕೇಳಿದರೆ, "ನನ್ನದೊಂದು ವ್ಯಾಜ್ಯವಿದೆ" ಎಂದ. "ಹಾಗಾದರೆ ನಿನ್ನ ವ್ಯಾಜ್ಯ ತೀರ್ಮಾನಿಸಲು ನಾನು ಅನರ್ಹ" ಎಂದುಬಿಟ್ಟರು. ಯಹೂದಿ ಪಂಡಿತರ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನ ಕೆತುಬೋತ್ ಭಾಗದಲ್ಲಿರುವ ಈ ಪ್ರಸಂಗದಲ್ಲಿ ಹಣ ಕೈ ಬದಲಾಗಿಲ್ಲ. ಚಾಚಿದ ಒಂದು ಕೈಯಷ್ಟೇ ಇದೆ. ನಿಮ್ಮ ಗೆಳತಿ ಒಳ್ಳೆಯ ಮನಸ್ಸಿನಿಂದಲೇ ಗಂಜಿ ಕೊಟ್ಟಳೆಂಬುದರಲ್ಲಿ ನನಗೆ ಅನುಮಾನವಿಲ್ಲ, ಆದರೆ ಆ ಋಣವನ್ನು ತೀರ್ಪಿನಲ್ಲಿ ತೀರಿಸುವ ಹಕ್ಕು ನಿಮಗಿಲ್ಲ.

ಆದ್ದರಿಂದ ನೀವು ಒಬ್ಬರೇ ತೀರ್ಮಾನ ಹೇಳಲು ಒಪ್ಪಿಕೊಳ್ಳಬೇಡಿ. ಯಹೂದಿ ಪಂಚಾಯಿತಿಯಲ್ಲಿ ಹಿಂದಿನಿಂದಲೂ ಒಂದು ಕ್ರಮವಿದೆ: ಇಬ್ಬರೂ ಒಬ್ಬೊಬ್ಬರನ್ನು ಆರಿಸುತ್ತಾರೆ, ಮೂರನೆಯವರೂ ಸೇರಿ ಮೂವರು ಕೂರುತ್ತಾರೆ. ಮುಂದಿನ ರಜೆಯ ದಿನ ಗೆಳತಿಯರಿಬ್ಬರಿಗೂ ಇದನ್ನೇ ಸೂಚಿಸಿ. ಅಷ್ಟರೊಳಗೆ ಗಂಜಿ ಕೊಟ್ಟವಳು ಒಬ್ಬಳೇ ಬಂದು ಮುಂಗಡದ ಮಾತು ತೆಗೆದರೆ, ಚಹಾ ಕೊಟ್ಟು ಕೂರಿಸಿ, ಇನ್ನೊಬ್ಬಳು ಬರುವ ತನಕ ಆ ಮಾತನ್ನು ತಡೆಯಿರಿ.