ಗುರಿ ದಾಟಿ ಹೋಗ್ತಿದ್ರೆ ಫ್ಲಾಪ್ ಅರ್ಧ ಮಾತ್ರ ಹಾಕಿ

ಎಫ್5ಜೆ (ರೇಡಿಯೊದಲ್ಲಿ ಹಾರಿಸುವ ಮೋಟಾರ್ ಗ್ಲೈಡರ್ ಮಾಡೆಲ್ ಸ್ಪರ್ಧೆ) ಪ್ರಾಕ್ಟೀಸಲ್ಲಿ 10 ನಿಮಿಷ ಸರಿಯಾಗಿ ಹಾರುತ್ತೆ, ಆದ್ರೆ ಗ್ಲೈಡರ್ ಪ್ರತಿ ಸಲ ಗುರಿ ದಾಟಿ 4-5 ಮೀಟರ್ ಮುಂದೆ ಇಳಿಯುತ್ತೆ, ಫ್ಲಾಪ್ (ವೇಗ ತಗ್ಗಿಸೋಕೆ ಕೆಳಗೆ ಬಾಗಿಸುವ ರೆಕ್ಕೆಯ ಹಿಂಭಾಗ) ಹಾಕಿದ್ರೆ ಮೂತಿ ಮೇಲೇಳುತ್ತೆ ಅಂದ್ರಲ್ಲ, ಮೊದಲು ಆ ಮೂತಿಯನ್ನೇ ಸರಿ ಮಾಡಿ. ಎತ್ತರದಲ್ಲಿ ಇದ್ದಾಗ ಫ್ಲಾಪ್ ಸ್ಟಿಕ್ ನಿಧಾನಕ್ಕೆ ಎಳೆದು ನೋಡಿ. ಮೂತಿ ಏಳದಂತೆ ತಡೆಯೋಕೆ ಫ್ಲಾಪ್ ಅರ್ಧ ಇದ್ದಾಗ ಬೇಕಾಗುವ ಎಲಿವೇಟರ್ (ಮೂತಿ ಏರಿಸಿ ಇಳಿಸುವ ಬಾಲದ ಭಾಗ) ಬೇರೆ, ಪೂರ್ತಿಗೆ ಬೇರೆ, ಹಾಗಾಗಿ ಫ್ಲಾಪ್ ಜೊತೆ ಎಲಿವೇಟರ್ ತಾನೇ ಕದಲುವಂತೆ ರೇಡಿಯೊದಲ್ಲಿ ಇಡುವ ಮಿಕ್ಸನ್ನ ನೇರ ಗೆರೆ ಬದಲು ಕರ್ವ್ ಮಾಡಿ.

ಆಮೇಲೆ ಕೊನೇ ತಿರುವು ಮುಗಿಸಿ ಗಾಳಿಗೆ ಎದುರಾಗಿ ಬರುವಾಗ ಫ್ಲಾಪ್ ಅರ್ಧ ಮಾತ್ರ ಇರಲಿ. ಜಾಸ್ತಿ ದೂರ ಹೋಗುತ್ತೆ ಅನಿಸಿದ್ರೆ ಇನ್ನಷ್ಟು ಎಳೀರಿ, ಗುರಿವರೆಗೆ ಬರಲ್ಲ ಅನಿಸಿದ್ರೆ ಸ್ವಲ್ಪ ಬಿಡಿ. ದೂರದಿಂದಲೇ ಪೂರ್ತಿ ಹಾಕಿಕೊಂಡು ಬಂದ್ರೆ ಕೈಯಲ್ಲಿ ಏನೂ ಉಳಿಯಲ್ಲ. ಒಂದೇ ಎಚ್ಚರ, ನೆಲದ ಹತ್ತಿರ ಫ್ಲಾಪ್ ಥಟ್ ಅಂತ ಬಿಡಬೇಡಿ. ನಾನು ಒಮ್ಮೆ ತಲೆ ಎತ್ತರದಲ್ಲಿ ಹಾಗೆ ಮಾಡಿದ್ದೆ, ಮಾಡೆಲ್ ಕಲ್ಲಿನ ಹಾಗೆ ಬಿದ್ದು ಬಾಲದ ಬೂಮ್ ಎರಡು ತುಂಡಾಯ್ತು.

ಕೊನೇ ಗಳಿಗೆಯಲ್ಲಿ ಮೂತಿ ಒತ್ತೋದು ಸುಮ್ನೆ, ವೇಗ ಏರಿ ಇನ್ನೂ ಮುಂದೆ ಜಾರುತ್ತೆ. ಗುರಿಯಿಂದ 1 ಮೀಟರ್ ಒಳಗೆ ಇಳಿದ್ರೆ 50 ಅಂಕ, ನಿಮ್ಮ ಐದನೇ ಮೀಟರಿಗೆ 30. ಮೋಟಾರಲ್ಲಿ ಏರಿದ ಎತ್ತರಕ್ಕೂ ಅಂಕ ಕಳೀತಾರಲ್ಲ, ಆ 20 ಅಂಕ ಅಂದ್ರೆ ಮೋಟಾರನ್ನ 40 ಮೀಟರ್ ಕಡಿಮೆ ಎತ್ತರದಲ್ಲೇ ನಿಲ್ಲಿಸಿ ಉಳಿಸಿದಷ್ಟು, ಕಡಿಮೆ ಏನಲ್ಲ ಅಲ್ವಾ?

ಪ್ರಾಕ್ಟೀಸಿಗೆ ಪ್ರತಿ ಸಲ 10 ನಿಮಿಷ ಹಾರಿಸಬೇಡಿ. ಒಂದು 40 ಮೀಟರ್ ಏರಿಸಿ, ಬರೀ ಇಳಿಸಿ, ಬ್ಯಾಟರಿ ಮುಗಿಯೋವರೆಗೆ.