ನೆಂಟರು ಬಂದರೆ ನಮ್ಮ ನಾಯಿ ಮೈಮೇಲೆ ಹಾರುತ್ತದೆ, ಬಿಡಿಸುವುದು ಹೇಗೆ?

ಹಾರಿದಾಗ "ಏಯ್, ಇಳಿ!" ಎಂದು ಕೂಗಿ ತಳ್ಳುತ್ತೀರಲ್ಲ, ನಾಯಿಗೆ ಅದೂ ಆಟವೇ. ಬೇಕಿದ್ದದ್ದು ನಿಮ್ಮ ಗಮನ, ಸಿಕ್ಕಿತು. ಅದರ ಬದಲು ಸುಮ್ಮನೆ ಬೆನ್ನು ತಿರುಗಿಸಿ. ಮಾತು ಬೇಡ, ನೋಡಲೂ ಬೇಡಿ. ನಾಲ್ಕೂ ಕಾಲು ನೆಲ ಮುಟ್ಟಿದ ಒಂದೆರಡು ಸೆಕೆಂಡಿನೊಳಗೆ ಬೇಯಿಸಿದ ಕೋಳಿಯ ಚೂರು ಕೊಡಿ. ತಡವಾದರೆ ಯಾವುದಕ್ಕೆ ಸಿಕ್ಕಿತೆಂದು ಅದಕ್ಕೆ ತಿಳಿಯದು. ಕಡಲೆಬೀಜದಷ್ಟು ಸಾಕು, ಈರುಳ್ಳಿ ಮಸಾಲೆ ಸೋಕಿರಬಾರದು.

ಮೊದಮೊದಲು ಹಾರಾಟ ಇನ್ನೂ ಜಾಸ್ತಿಯಾಗಬಹುದು. ಬಹಳ ಜನ ಕೈಚೆಲ್ಲುವುದು ಅಲ್ಲೇ. ನಮ್ಮ ಮನೆಯಲ್ಲಂತೂ ನಾಯಿಗಿಂತ ಅಜ್ಜನಿಗೆ ಕಲಿಸುವುದೇ ಕಷ್ಟವಾಯಿತು: "ಪಾಪ, ಪ್ರೀತಿಗೆ ಹಾರ್ತದೆ" ಎಂದು ತಬ್ಬಿಕೊಳ್ಳುತ್ತಿದ್ದರು! ದಿನಕ್ಕೆರಡು ಸಲ, ಐದೈದು ನಿಮಿಷ, ಮನೆಯವರೇ ಹೊರಗೆ ಹೋಗಿ ಬೆಲ್ ಒತ್ತಿ ಅಭ್ಯಾಸ ಮಾಡಿಸಿ.