ಗೇರ್‌ಬಾಕ್ಸ್ ಬಿಚ್ಚುವ ಮೊದಲು ಸದ್ದಿನ ಜಾಡು ಹಿಡಿಯಿರಿ

ಪ್ರಶ್ನೆ: ನನ್ನದು 2008ರ ವ್ಯಾಗನ್ ಆರ್. ಬ್ರಹ್ಮಾವರದಿಂದ ಮಣಿಪಾಲಕ್ಕೆ ದಿನವೂ ಓಡಾಟ. ಮಳೆಗಾಲ ಮುಗಿದ ಮೇಲೆ ಎರಡು ಸದ್ದು ಶುರುವಾಗಿವೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಯು-ಟರ್ನ್ ಮಾಡುವಾಗ ಮುಂದಿನಿಂದ ‘ಕಟ ಕಟ’ ಎನ್ನುತ್ತದೆ. ಹೆದ್ದಾರಿಯಲ್ಲಿ ವೇಗ 50 ದಾಟಿದರೆ ‘ಗುಂಯ್’ ಎಂಬ ಮೊರೆತ. ವೇಗ ಏರಿದಂತೆ ಅದೂ ಏರುತ್ತದೆ. ಗೇರ್‌ಬಾಕ್ಸ್ ಇಳಿಸಬೇಕು ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಇಳಿಸಲೇ?
— ಓದುಗರು, ಬ್ರಹ್ಮಾವರ

ಉತ್ತರ: ಸದ್ಯಕ್ಕೆ ಖಂಡಿತ ಬೇಡ. ನೀವು ಬರೆದಿರುವ ಲಕ್ಷಣಗಳಲ್ಲಿ ಗೇರ್‌ಬಾಕ್ಸನ್ನೇ ಬೊಟ್ಟು ಮಾಡುವಂಥದ್ದು ಒಂದೂ ಇಲ್ಲ. ಹಳೆಯ ಕಾರು ಎಂದ ಕೂಡಲೇ ದೊಡ್ಡ ಭಾಗಕ್ಕೆ ಕೈ ಹಾಕುವ ಅವಸರ ನನಗೆ ಒಪ್ಪಿಗೆಯಿಲ್ಲ. ಸದ್ದು ಏನನ್ನು ಹಿಂಬಾಲಿಸುತ್ತದೆ ಎಂಬುದನ್ನು ಮೊದಲು ಪತ್ತೆ ಮಾಡಬೇಕು: ಎಂಜಿನ್ನಿನ ವೇಗವನ್ನೋ, ಚಕ್ರದ ವೇಗವನ್ನೋ, ತಿರುವನ್ನೋ, ಆಕ್ಸಿಲರೇಟರನ್ನೋ. ಅಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

‘ಕಟ ಕಟ’ದ ವಿಷಯದಲ್ಲಿ ನನಗೆ ಹೆಚ್ಚು ಸಂಶಯವಿಲ್ಲ. ನಿಮ್ಮ ಕಾರಿನಲ್ಲಿ ಮುಂದಿನ ಚಕ್ರಗಳು ತಿರುಗಲೂ ಬೇಕು, ಕಾರನ್ನು ಎಳೆಯಲೂ ಬೇಕು. ಆ ಎರಡನ್ನೂ ಸಾಧ್ಯವಾಗಿಸುವುದು ಆಕ್ಸಲ್ (ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಬಲ ಒಯ್ಯುವ ಸರಳು) ತುದಿಯ ಸಿವಿ ಜಾಯಿಂಟ್ ಎಂಬ ಕೀಲು. ಅದರೊಳಗೆ ಉಕ್ಕಿನ ಗುಂಡುಗಳು ಚಾಳುಗಳಲ್ಲಿ, ಅಂದರೆ ಕೊರೆದ ಗೀರುಗಳಲ್ಲಿ, ಉರುಳುತ್ತವೆ. ಚಾಳು ಸವೆದು ಗುಳಿ ಬಿದ್ದರೆ, ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ಗುಂಡುಗಳು ಆ ಗುಳಿಗಳಲ್ಲಿ ಬಡಿಯುತ್ತವೆ. ಎಡಕ್ಕೆ ತಿರುಗಿಸಿದಾಗ ಸದ್ದು ಜೋರಾದರೆ ಮೊದಲ ಸಂಶಯ ಬಲಗಡೆಯ ಜಾಯಿಂಟಿನ ಮೇಲೆ. ಆದರೂ ಎರಡನ್ನೂ ನೋಡಿ.

ನೋಡುವುದು ಸುಲಭ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಸ್ಟೇರಿಂಗನ್ನು ಒಂದು ಕೊನೆಗೆ ತಿರುಗಿಸಿ ಚಕ್ರದ ಹಿಂದೆ ಟಾರ್ಚ್ ಬಿಡಿ. ಜಾಯಿಂಟನ್ನು ಮುಚ್ಚಿರುವ, ಮಡಿಕೆ ಮಡಿಕೆಯಾದ ಕಪ್ಪು ರಬ್ಬರ್ ಬೂಟು ಕಾಣುತ್ತದೆ. ಪ್ರತಿ ಮಡಿಕೆಯನ್ನೂ ಬೆರಳಿನಿಂದ ಬಿಡಿಸಿ ನೋಡಿ, ಬಿರುಕು ಅಡಗಿರುವುದು ಮಡಿಕೆಯ ಬುಡದಲ್ಲಿ. ಚಕ್ರದ ಒಳಮೈಗೆ ಕಪ್ಪು ಗ್ರೀಸ್ ಸಿಡಿದು ಅಂಟಿದ್ದರೆ ಬೂಟು ಹರಿದಿದೆ ಎಂದೇ ಅರ್ಥ. ನಮ್ಮ ಕರಾವಳಿಯ ಮಳೆಯಲ್ಲಿ ಜೂನಿನಲ್ಲಿ ಹರಿದ ಬೂಟಿನೊಳಗೆ ಸೆಪ್ಟೆಂಬರ್ ಹೊತ್ತಿಗೆ ನೀರು, ಕೆಸರು, ಮರಳು ಎಲ್ಲ ಸೇರಿರುತ್ತವೆ. ಸದ್ದು ಹುಟ್ಟುವ ಮೊದಲೇ ಕಂಡಿದ್ದರೆ ತೊಳೆದು, ಸಿವಿ ಜಾಯಿಂಟಿನ ಗ್ರೀಸ್ ತುಂಬಿ, ಹೊಸ ಬೂಟು ಹಾಕಿದರೆ ಸಾಕಿತ್ತು. ಸದ್ದು ಬಂದ ಮೇಲೆ ಬೂಟು ಮಾತ್ರ ಬದಲಿಸಿ ಪ್ರಯೋಜನವಿಲ್ಲ; ಜಾಯಿಂಟನ್ನೋ ಇಡೀ ಆಕ್ಸಲನ್ನೋ ಬದಲಿಸಬೇಕು.

ಇದನ್ನು ಮುಂದೂಡಬೇಡಿ. ಜಾಯಿಂಟ್ ಮುರಿದರೆ ಡಿಫರೆನ್ಶಿಯಲ್ (ಎರಡು ಚಕ್ರಗಳಿಗೆ ಬಲ ಹಂಚುವ ಗೇರುಗಳ ಜೋಡಣೆ) ಆ ಬದಿಯನ್ನು ಸುಮ್ಮನೆ ತಿರುಗಿಸುತ್ತದೆ, ಸರಿಯಿರುವ ಚಕ್ರಕ್ಕೂ ಎಳೆತ ಸಿಗುವುದಿಲ್ಲ. ಎಂಜಿನ್ ಬ್ರೇಕಿಂಗ್, ಅಂದರೆ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನೇ ಕಾರನ್ನು ತಡೆಯುವುದು, ಕೂಡ ಹೋಗುತ್ತದೆ. ಆಗುಂಬೆ ಘಾಟಿ ಇಳಿಯುವಾಗ ಹೀಗಾದರೆ ಏನು ಗತಿ ಎಂದು ಯೋಚಿಸಿ. ಜಾಯಿಂಟ್ ಸರಿಯಾಗುವ ತನಕ ಘಟ್ಟದ ಕಡೆ ಹೋಗಬೇಡಿ.

ಇನ್ನು ‘ಗುಂಯ್’. ಇದಕ್ಕೆ ಮುಖ್ಯವಾಗಿ ಇಬ್ಬರು ಆರೋಪಿಗಳು: ಟೈರು ಮತ್ತು ಚಕ್ರದ ಬೇರಿಂಗ್. ಮೊದಲು, ನಿಂತಲ್ಲೇ ನ್ಯೂಟ್ರಲ್‌ನಲ್ಲಿ ಎಂಜಿನ್ನಿನ ವೇಗ ಏರಿಸಿ ಕೇಳಿ. ಮೊರೆತ ಬಾರದಿದ್ದರೆ ಎಂಜಿನ್ ಬಹುಮಟ್ಟಿಗೆ ಪಾರು. ಆಮೇಲೆ ರಸ್ತೆಯನ್ನು ಗಮನಿಸಿ. ಕಾಂಕ್ರೀಟ್ ರಸ್ತೆಯಿಂದ ಡಾಂಬರಿಗೆ ಇಳಿದ ಕೂಡಲೇ ಸದ್ದು ಬದಲಾದರೆ ಅದು ಟೈರಿನದು. ಟೈರಿನ ಮೈಮೇಲೆ ಅಂಗೈಯನ್ನು ಹಿಂದಕ್ಕೂ ಮುಂದಕ್ಕೂ ಸವರಿ. ಒಂದು ಕಡೆಗೆ ನುಣುಪಾಗಿ, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ತಾಗಿದರೆ ಟೈರು ಓರೆಯಾಗಿ ಸವೆದಿದೆ. ಟೈರು ಬದಲಿಸುವ ಮೊದಲು ಅಲೈನ್‌ಮೆಂಟ್ (ಚಕ್ರಗಳು ನಿಂತಿರುವ ಕೋನ) ಸರಿಮಾಡಿಸಿ, ಇಲ್ಲವಾದರೆ ಹೊಸ ಟೈರಿಗೂ ಅದೇ ಗತಿ.

ರಸ್ತೆ ಯಾವುದಾದರೂ ಸದ್ದು ಒಂದೇ ಆಗಿದ್ದು, ಉದ್ದನೆಯ ತಿರುವುಗಳಲ್ಲಿ ಮಾತ್ರ ಏರಿಳಿದರೆ ಬೇರಿಂಗ್ ಎಂದುಕೊಳ್ಳಿ. ಕಾರು ಎಡಕ್ಕೆ ತಿರುಗುವಾಗ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಮೊರೆತ ಹೆಚ್ಚಿದರೆ ಬಲಗಡೆಯ ಬೇರಿಂಗ್ ನೋಡಿ. ಗ್ಯಾರೇಜಿನಲ್ಲಿ ಚಕ್ರ ಎತ್ತಿಸಿ, ಕೆಳಗೆ ಸ್ಟ್ಯಾಂಡ್ ಇಡಿಸಿ. ಒಂದು ಕೈ ಸಸ್ಪೆನ್ಶನ್ ಸ್ಪ್ರಿಂಗಿನ ಮೇಲಿಟ್ಟು ಇನ್ನೊಂದರಿಂದ ಚಕ್ರ ತಿರುಗಿಸಿದರೆ, ಕೆಟ್ಟ ಬೇರಿಂಗಿನ ತರಿತರಿ ಸ್ಪ್ರಿಂಗಿನಲ್ಲಿ ಬೆರಳಿಗೆ ತಾಗುತ್ತದೆ. ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಚಕ್ರ ಆಡಿದರೆ, ಆ ಸಡಿಲ ಎಲ್ಲಿಯದೆಂದು ತಿಳಿದು ರಿಪೇರಿಯಾಗುವ ತನಕ ಕಾರನ್ನು ರಸ್ತೆಗೆ ಇಳಿಸಬೇಡಿ.

ಇಷ್ಟೆಲ್ಲ ಆದ ಮೇಲೂ ಸದ್ದು ಉಳಿದು, ಆಕ್ಸಿಲರೇಟರ್ ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆ ಕೇಳಿದರೆ ಆಗ ಗೇರ್‌ಬಾಕ್ಸಿನ ಸರದಿ. ಆಗಲೂ ಮೊದಲು ಗೇರ್ ಆಯಿಲ್ ತೆಗೆಸಿ ನೋಡಿ. ನೆರೆ ನೀರಿನಲ್ಲಿ ಕಾರು ಓಡಿಸಿದ್ದೀರಾ? ಬಿಸಿಯಾದ ಗೇರ್‌ಬಾಕ್ಸ್ ನೀರಿನಲ್ಲಿ ತಟ್ಟನೆ ತಣ್ಣಗಾದರೆ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಎಂಬ ಗಾಳಿಕಿಂಡಿಯ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ಕೂಡಲೇ ಬದಲಿಸಿ.

ಪ್ರಶ್ನೆ: ಹಳೆಯ ಬೊಲೆರೊ ರಿವರ್ಸ್‌ಗೆ ಹಾಕಿ ಕ್ಲಚ್ ಬಿಟ್ಟಾಗ ಕೆಳಗಿನಿಂದ ‘ಟಣ್’ ಎನ್ನುತ್ತದೆ. ವೇಗದಲ್ಲಿ ನೆಲವೆಲ್ಲ ನಡುಗುತ್ತದೆ. ಚಕ್ರದ ಬ್ಯಾಲೆನ್ಸಿಂಗ್ ಮಾಡಿಸಿದರೂ ಫಲವಿಲ್ಲ.
— ಓದುಗರು, ಮಂಗಳೂರು

ಉತ್ತರ: ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಜಾಯಿಂಟ್ (ಅಡ್ಡ-ಉದ್ದ ಕಡ್ಡಿಯಾಕಾರದ ಕೀಲು) ನೋಡಿಸಿ. ಚಕ್ರದ ದೋಷ ಸಾಮಾನ್ಯವಾಗಿ ನಿಧಾನದ ಕುಲುಕಾಟ. 60ರ ವೇಗದಲ್ಲಿ ಚಕ್ರ ಸೆಕೆಂಡಿಗೆ ಹತ್ತು ಸುತ್ತನ್ನೂ ತಲುಪುವುದಿಲ್ಲ. ಶಾಫ್ಟ್ ಅದರ ಹಲವು ಪಟ್ಟು ವೇಗವಾಗಿ ಸುತ್ತುವುದರಿಂದ ಅದರ ನಡುಕ ಸಣ್ಣದು, ಬಿಗಿಯಾದದ್ದು, ಸೀಟಿಗೂ ನೆಲಕ್ಕೂ ಹಬ್ಬುವಂಥದ್ದು. ಚಕ್ರಗಳಿಗೆ ಅಡೆ ಇಟ್ಟು, ಎಂಜಿನ್ ಆರಿಸಿ, ಶಾಫ್ಟನ್ನು ಕೈಯಿಂದ ತಿರುಚಿ ನೋಡಿ. ಕ್ರಾಸಿನಲ್ಲೇ ಸಡಿಲ ಕಂಡರೆ, ಅಥವಾ ಅದರ ತುದಿಗಳನ್ನು ಮುಚ್ಚುವ ಬೇರಿಂಗ್ ಬಟ್ಟಲುಗಳ ಸುತ್ತ ಕೆಂಪು ತುಕ್ಕಿನ ಪುಡಿ ಇದ್ದರೆ ಒಳಗೆ ಗ್ರೀಸ್ ಒಣಗಿ ಬೇರಿಂಗ್ ಹೋಗಿದೆ. ಶಾಫ್ಟ್ ಬಿಚ್ಚುವ ಮೊದಲು ಎರಡೂ ತುದಿಗಳಿಗೆ ಮತ್ತು ಜಾರುವ ಜೋಡಣೆಗೆ ಬಣ್ಣದಿಂದ ಗುರುತು ಹಾಕಿಸಿ. ಗುರುತು ತಪ್ಪಿ ಜೋಡಿಸಿದರೆ ಹೊಸ ಕ್ರಾಸ್ ಹಾಕಿದ ಮೇಲೂ ಬಂಡಿ ನಡುಗುತ್ತದೆ.